1,610ರಿಂದ 1,290ಕ್ಕೆ: ಶಿರಸಿಯಿಂದ ಸ್ಪಿತಿಗೆ ಹೊರಟ ಒಂದು ಜಿಪ್ಸಿಯ ತಯಾರಿ

ಗಾಡಿ ಯಾವುದು, ಹೊರಟಿದ್ದು ಎಲ್ಲಿಗೆ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ.

ಗಾಡಿ 2011ರ ಮಾರುತಿ ಜಿಪ್ಸಿ, ಹಾರ್ಡ್‌ಟಾಪ್. 1.3 ಲೀಟರ್ ಪೆಟ್ರೋಲ್ ಎಂಜಿನ್, 80 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಪಾಟಾ (ಉಕ್ಕಿನ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್), 40 ಲೀಟರ್ ಟ್ಯಾಂಕ್. ನಮ್ಮ ಕೈಗೆ ಬರುವ ಮೊದಲು ಅದು ಕುಮಟಾ ಕಡೆಯ ಕರಾವಳಿಯಲ್ಲಿ ಎಂಟೊಂಬತ್ತು ವರ್ಷ ಇತ್ತು. ಈ ಒಂದು ಮಾತು ಮುಂದೆ ತುಂಬಾ ಕೆಲಸ ಕೊಟ್ಟಿತು.

ಹೊರಟಿದ್ದು ಹಿಮಾಚಲದ ಸ್ಪಿತಿಗೆ. ಶಿರಸಿಯಿಂದ ಮನಾಲಿಗೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ಡಾಂಬರು. ಅಲ್ಲಿಂದ ಅಟಲ್ ಸುರಂಗ ದಾಟಿ ಕೊಕ್ಸರ್, ಗ್ರಾಂಫೂ, ಛತ್ರು, ಬಾತಲ್. ಆಮೇಲೆ ಕುಂಜುಂ ಪಾಸ್ ಹತ್ತಿ ಇಳಿದರೆ ಲೋಸರ್, ಕಾಜಾ. ವಾಪಸ್ ಬರೋದು ಕಿನ್ನೌರ್ ಮೇಲೆ. ಗ್ರಾಂಫೂದಿಂದ ಲೋಸರ್‌ವರೆಗೆ 80 ಕಿ.ಮೀ. ಆಸುಪಾಸು ರಸ್ತೆ ಅನ್ನೋದು ಹೆಸರಿಗೆ ಮಾತ್ರ. ಬಂಡೆ, ಉರುಳುಗಲ್ಲು, ಹಿಮ ಕರಗಿ ಹರಿಯುವ ನಾಲಾ. ಹೋಗುವವರು ಇಬ್ಬರೇ, ನಾನು ಮತ್ತು ಭಾವ. ಜನವರಿಯಲ್ಲಿ ಗಾಡಿ ತಂದೆವು. ಚೌತಿ ಮುಗಿಸಿ ಸೆಪ್ಟೆಂಬರ್‌ನಲ್ಲಿ ಹೊರಡೋದು ಅಂತ ನಿಶ್ಚಯ ಮಾಡಿದೆವು. ಎಂಟು ತಿಂಗಳು ಕೈಯಲ್ಲಿತ್ತು.

ಅದರಲ್ಲಿ ಮೊದಲ ಮೂರು ತಿಂಗಳನ್ನು ನಾವು ಗಾಡಿಗೆ ಸಾಮಾನು ಸೇರಿಸೋದರಲ್ಲಿ ಕಳೆದೆವು. ಉಳಿದ ಐದು ತಿಂಗಳು ಅದನ್ನೆಲ್ಲ ತೆಗೆಯೋದರಲ್ಲಿ, ಒಳಗೆ ಏನಿದೆ ಅಂತ ಬಿಚ್ಚಿ ನೋಡೋದರಲ್ಲಿ ಹೋಯಿತು. ದೂರದ ದಾರಿಗೆ ಸಣ್ಣ ಗಾಡಿ ತಯಾರು ಮಾಡುವವರಿಗೆ ಈ ಎರಡನೇ ಭಾಗವೇ ಬೇಕಾಗಿದ್ದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ವೇಬ್ರಿಜ್ ಚೀಟಿ

ಮುಂದಿನ ಕಬ್ಬಿಣದ ಬಂಪರ್ ಹಳೇ ಮಾಲೀಕರು ಹಾಕಿಸಿದ್ದು. ಅದಕ್ಕೆ ನಾವು ವಿಂಚ್, ಅಂದರೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ, ಕೂರಿಸಿದೆವು. ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಬಿಚ್ಚಿದರೆ ಮನೆಯಾಗುವ ಟೆಂಟ್. ಹಿಂದೆ ಸಣ್ಣ ಫ್ರಿಜ್, ಅದಕ್ಕೊಂದು ಬೇರೆ ಬ್ಯಾಟರಿ. ತಲಾ 20 ಲೀಟರಿನ ಎರಡು ಪೆಟ್ರೋಲ್ ಕ್ಯಾನ್, 40 ಲೀಟರ್ ನೀರು, ಎರಡು ಸ್ಟೆಪ್ನಿ, ಎತ್ತರದ ಹೈ-ಲಿಫ್ಟ್ ಜ್ಯಾಕ್. ಒಂದೊಂದನ್ನೂ ತರುವಾಗ ಅದು ಬೇಕೇ ಬೇಕು ಅನ್ನಿಸಿತ್ತು. ಫೋಟೋದಲ್ಲಿ ಗಾಡಿ ಚಂದ ಕಾಣುತ್ತಿತ್ತು.

ಏಪ್ರಿಲ್ ಮೊದಲ ವಾರ, ಗಾಡಿ ಪರೀಕ್ಷೆಗೆ ಹೊರಡುವ ಹಿಂದಿನ ದಿನ, ಪೇಟೆ ಹೊರಗಿನ ಒಂದು ವೇಬ್ರಿಜ್‌ಗೆ ಹೋದೆವು. ನಮ್ಮ ಮುಂದೆ ಅಡಿಕೆ ಲಾರಿ, ಹಿಂದೆ ಜಲ್ಲಿ ಟಿಪ್ಪರ್. ಮೊದಲು ಇಡೀ ಗಾಡಿ ತೂಗಿಸಿದೆವು. ಆಮೇಲೆ ಹಿಂದಿನ ಎರಡು ಚಕ್ರ ಮಾತ್ರ ಹಲಗೆ ಮೇಲೆ ನಿಲ್ಲಿಸಿ ಇನ್ನೊಮ್ಮೆ. ಇಬ್ಬರೂ ಒಳಗೆ ಕೂತು, ಟ್ಯಾಂಕ್ ತುಂಬಿಸಿ, ಒಟ್ಟು 1,610 ಕೆ.ಜಿ. ಅದರಲ್ಲಿ 910 ಹಿಂದಿನ ಆಕ್ಸಲ್ ಮೇಲೆ. ಜನವರಿಯಲ್ಲಿ ತಂದ ದಿನ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ಖಾಲಿ ತೂಗಿಸಿದಾಗ 1,030 ಇತ್ತು. ಅಂದರೆ 580 ಕೆ.ಜಿ. ಹೇರಿದ್ದೆವು. ನಮ್ಮ ಸೈನ್ಯ ಜಿಪ್ಸಿಯನ್ನು 500 ಕೆ.ಜಿ. ಹೊರುವ ವರ್ಗದ ಗಾಡಿ ಅಂತಲೇ ವರ್ಷಗಟ್ಟಲೆ ಬಳಸಿದ್ದು. ಅದರ ಜಾಗಕ್ಕೆ ಆಮೇಲೆ ಬಂದ ಸಫಾರಿ ಸ್ಟಾರ್ಮ್ 800 ಕೆ.ಜಿ. ವರ್ಗದ್ದು. ಆ ಲೆಕ್ಕ ಗೊತ್ತಿದ್ದೂ ನಾವು ಚೀಟಿ ಮಡಚಿ ಜೇಬಿಗೆ ಹಾಕಿದೆವು.

ಮಾರನೇ ದಿನದ ದಾರಿ ಇದು: ಶಿರಸಿಯಿಂದ ದೇವನಳ್ಳಿ ಮೇಲೆ ವಡ್ಡಿ ಘಟ್ಟ ಇಳಿದು ಅಂಕೋಲಾ, ಕಾರವಾರ. ಅಲ್ಲಿಂದ ಕದ್ರಾ, ಅಣಶಿ ಘಟ್ಟ ಹತ್ತಿ ಜೋಯಿಡಾ. ಆಮೇಲೆ ಯಲ್ಲಾಪುರ ಮೇಲೆ ಮನೆಗೆ. ಬಹುಪಾಲು ಡಾಂಬರೇ, ನಡುನಡುವೆ ಕಿತ್ತುಹೋದ ತುಂಡುಗಳು. ಕಾಡಿನೊಳಗೆ ರಸ್ತೆ ಬಿಟ್ಟು ಎಲ್ಲೂ ಇಳಿಯಲಿಲ್ಲ. ಅಣಶಿ ಸುತ್ತಮುತ್ತ ಎಲ್ಲ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಗಾಡಿ ಪರೀಕ್ಷೆ ಮಾಡೋಕೆ ಅದು ಜಾಗ ಅಲ್ಲ.

ವಡ್ಡಿ ಘಟ್ಟದಲ್ಲಿ ಮೂರನೇ ತಿರುವಿಗೇ ಬ್ರೇಕ್ ಮೆತ್ತಗಾಯಿತು. ಎರಡನೇ ಗೇರಿನಲ್ಲೇ ಇಳಿಸುತ್ತಿದ್ದರೂ ಗಾಡಿ ಹಿಂದಿನಿಂದ ನೂಕುತ್ತಿತ್ತು. ತಿರುವಿನಲ್ಲಿ ಮೇಲಿನ ಟೆಂಟಿನ ಭಾರಕ್ಕೆ ಬಾಡಿ ಹೊರಗೆ ವಾಲುತ್ತಿತ್ತು. ಜಿಪ್ಸಿಯ ಅಗಲ 1,540 ಮಿ.ಮೀ. ಅಷ್ಟೇ. ಅಷ್ಟು ಸಣ್ಣ ಕಾಲಿನ ಮೇಲೆ ನೂರು ಕೆ.ಜಿ. ತಲೆಹೊರೆ ಅಂದರೆ ಹೇಗಿರುತ್ತದೆ ಅಂತ ಸ್ಟೀರಿಂಗ್ ಹಿಡಿದವರಿಗೇ ಗೊತ್ತು. ಅಣಶಿ ಹತ್ತುವಾಗ ಪ್ರತಿ ಹೊಂಡಕ್ಕೂ ಹಿಂದಿನ ಆಕ್ಸಲ್ ಚಾಸಿಗೆ, ಅಂದರೆ ಬಾಡಿ ಹೊರುವ ಉಕ್ಕಿನ ಚೌಕಟ್ಟಿಗೆ, ಹೊಡೆಯುತ್ತಿತ್ತು. ಕುಂಬಾರವಾಡಾ ಹತ್ತಿರ ಇಳಿದು ನೋಡಿದರೆ ಬಲಗಡೆ ಹಿಂದಿನ ಪಾಟಾದ ಮೇಲಿನ ಮುಖ್ಯ ಎಲೆ ಸೀಳಿತ್ತು. ಸೀಳಿನ ಒಳಗೆ ಅರ್ಧ ಭಾಗ ಹಳೇ ತುಕ್ಕಿನ ಬಣ್ಣ, ಉಳಿದರ್ಧ ಹೊಸ ಹೊಳಪು. ಬಿರುಕು ಮೊದಲೇ ಇತ್ತು, ನಮ್ಮ ಭಾರ ಅದನ್ನು ಪೂರ್ತಿ ಮಾಡಿತ್ತು. ಅಲ್ಲಿಂದ ಮನೆಗೆ ಇಪ್ಪತ್ತೈದು, ಮೂವತ್ತರ ವೇಗದಲ್ಲಿ ಬಂದೆವು.

ಇದು ಬಾತಲ್ ಹತ್ತಿರ ಆಗಿದ್ದರೆ? ಆ ರಾತ್ರಿ ಇಬ್ಬರೂ ಅದನ್ನೇ ಮಾತಾಡಿದೆವು.

ಲೆಕ್ಕ ಹಾಕಿ ಇಳಿಸಿದ್ದು

ಭಾವ ಒಂದು ನೋಟ್‌ಬುಕ್ ತೆಗೆದು ಪ್ರತಿ ಸಾಮಾನಿನ ಮುಂದೆ ತೂಕ ಬರೆದ. ಅದರ ಪಕ್ಕ ಒಂದೇ ಪ್ರಶ್ನೆ: ಇದಿಲ್ಲದಿದ್ದರೆ ಏನಾಗುತ್ತದೆ?

ಎಂಜಿನ್ನಿನ ಲೆಕ್ಕವನ್ನೂ ಹಾಕಿದೆವು. ಕುಂಜುಂ 4,500 ಮೀಟರಿಗೂ ಮೇಲಿದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ನೂರಕ್ಕೆ 57ರಷ್ಟು ಮಾತ್ರ. ಟರ್ಬೋ ಇಲ್ಲದ ಎಂಜಿನ್ ಎಳೆದುಕೊಳ್ಳುವ ಗಾಳಿಯೂ ಅಷ್ಟಕ್ಕೇ ಇಳಿಯುತ್ತದೆ. ಕಾರವಾರದಲ್ಲಿ 80 ಎಚ್‌ಪಿ ಇದ್ದದ್ದು ಅಲ್ಲಿ 45ರ ಆಸುಪಾಸು. ಎಂಪಿಎಫ್‌ಐ (ಪೆಟ್ರೋಲನ್ನು ಕಂಪ್ಯೂಟರ್ ಲೆಕ್ಕದಲ್ಲಿ ಚಿಮ್ಮಿಸುವ ವ್ಯವಸ್ಥೆ) ಆದ್ದರಿಂದ ಪೆಟ್ರೋಲ್ ಅಳತೆಯನ್ನು ಅದೇ ಸರಿಮಾಡಿಕೊಳ್ಳುತ್ತದೆ, ಹಳೇ ಕಾರ್ಬ್ಯುರೇಟರ್ ಗಾಡಿಯ ಹಾಗೆ ಕಪ್ಪು ಹೊಗೆ ಉಗುಳೋದಿಲ್ಲ. ಆದರೆ ಇಲ್ಲದ ಗಾಳಿಯನ್ನು ತಂದುಕೊಡೋದು ಅದರ ಕೈಯಲ್ಲೂ ಇಲ್ಲ. 45 ಎಚ್‌ಪಿಗೆ 1,610 ಕೆ.ಜಿ. ಎಳೆಸೋದಾ? ಪ್ರಶ್ನೆ ಹೀಗೆ ಕೇಳಿದ ಮೇಲೆ ಉತ್ತರ ಕಷ್ಟ ಆಗಲಿಲ್ಲ.

ಮೊದಲು ಹೋಗಿದ್ದು ಕಬ್ಬಿಣದ ಬಂಪರ್ ಮತ್ತು ವಿಂಚ್, 75 ಕೆ.ಜಿ. ವಿಂಚ್ ಬಿಡೋಕೆ ನನಗೆ ಮನಸ್ಸಿರಲಿಲ್ಲ. ಆದರೆ ಆ ದಾರಿಯಲ್ಲಿ ವಿಂಚ್ ಹಗ್ಗ ಕಟ್ಟೋಕೆ ಮರವೇ ಇಲ್ಲ. ಹಗಲು ಹೊತ್ತಿನಲ್ಲಿ ಒಂದಲ್ಲ ಒಂದು ಗಾಡಿ ಬಂದೇ ಬರುತ್ತದೆ, ಎಳೆಯೋಕೆ ಒಳ್ಳೆ ಪಟ್ಟಿ ಮತ್ತು ಪಟ್ಟಿ ಸಿಕ್ಕಿಸೋಕೆ ಎರಡು ಶ್ಯಾಕಲ್ (ಉಕ್ಕಿನ ಬಳೆ) ಸಾಕು. ಅಂಥ ಬಂಪರ್ ಹಾಕಿಸಬಾರದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಕಂಪನಿ ಬಂಪರ್ ಹುಡುಕಿ ತಂದು ಹಾಕಿದೆವು. ಅದರ ಜೊತೆ ಚಾಸಿಗೇ ನೇರ ಬೋಲ್ಟ್ ಆಗುವ ಎಳೆಯುವ ಕೊಕ್ಕೆ, ಹಿಂದೊಂದು ಮುಂದೊಂದು. ಟ್ರೇಲರ್ ಸಿಕ್ಕಿಸುವ ಗುಂಡಿಗೆ ಪಟ್ಟಿ ಹಾಕಿ ಗಾಡಿ ಎಳೆಯಬೇಡಿ. ಅದು ಕಿತ್ತುಕೊಂಡು ಹಾರಿದರೆ ಮನುಷ್ಯರ ಜೀವ ತೆಗೆಯುತ್ತದೆ.

ಟೆಂಟ್, ಕ್ಯಾರಿಯರ್ ಸೇರಿ 100 ಕೆ.ಜಿ. ಅದರ ಬದಲು ನೆಲದ ಟೆಂಟ್, 8 ಕೆ.ಜಿ. ಫ್ರಿಜ್, ಬ್ಯಾಟರಿ ಹೋದವು. ಹೈ-ಲಿಫ್ಟ್ ಹೋಯಿತು. ಬಾಟಲ್ ಜ್ಯಾಕ್ ಮತ್ತು ಅದರ ಕೆಳಗಿಡೋಕೆ ಹಲಸಿನ ಹಲಗೆಯ ಎರಡು ತುಂಡು ಇಟ್ಟುಕೊಂಡೆವು. ಮೆತ್ತನೆ ನೆಲದಲ್ಲಿ ಜ್ಯಾಕಿಗಿಂತ ಹಲಗೆಯೇ ಮುಖ್ಯ. ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಹೋಯಿತು. ನೀರು 20 ಲೀಟರಿಗೆ ಇಳಿಯಿತು, ಸ್ಟೆಪ್ನಿ ಒಂದಕ್ಕೆ.

ಪೆಟ್ರೋಲಿನ ಲೆಕ್ಕ ಹೀಗೆ. ಮನಾಲಿಯಿಂದ ಕಾಜಾ 200 ಕಿ.ಮೀ. ಹತ್ತಿರ, ಕಾಜಾದಲ್ಲಿ ಬಂಕ್ ಇದೆ. ಲೋ ಗೇರಿನಲ್ಲಿ ತೆವಳಿದರೆ ಲೀಟರಿಗೆ 7 ಕಿ.ಮೀ. ಅಂತ ಹಿಡಿದರೂ 40 ಲೀಟರಿಗೆ 280 ಕಿ.ಮೀ. ಒಂದು ಕ್ಯಾನ್ ಹೆಚ್ಚುವರಿಗೆ ಸಾಕು. ಎರಡನೇದು ಸುಮ್ನೆ ಹೆದರಿಕೆಗೆ ಹೊತ್ತದ್ದು. ಲೇಹ್ ದಾರಿ ಹಿಡಿಯುವವರ ಲೆಕ್ಕ ಬೇರೆ. ಆ ದಾರಿಯ ತಾಂಡಿ ಬಂಕಿನಲ್ಲಿ ಮುಂದಿನ ಬಂಕ್ 365 ಕಿ.ಮೀ. ಅಂತ ಬರೆದ ಹಳೇ ಬೋರ್ಡು ಹೆಸರುವಾಸಿ.

ಮತ್ತೆ ಅದೇ ವೇಬ್ರಿಜ್. ಎಲ್ಲ ತುಂಬಿ, ಇಬ್ಬರೂ ಕೂತು 1,290. ಹಿಂದಿನ ಆಕ್ಸಲ್ ಮೇಲೆ 670. ಆರು ಚೀಲ ಸಿಮೆಂಟಿಗಿಂತ ಜಾಸ್ತಿ ಭಾರ ಇಳಿದಿತ್ತು. ಪಾಟಾ ಎರಡೂ ಕಡೆ ಹೊಸದು ಹಾಕಿದೆವು, ಕಂಪನಿ ಅಳತೆಯದ್ದೇ. ಗಟ್ಟಿಗಿರಲಿ ಅಂತ ಒಂದೆರಡು ಎಲೆ ಜಾಸ್ತಿ ಹಾಕಿಸೋದು ನಮ್ಮ ಕಡೆ ರೂಢಿ. ಹಾಗೆ ಮಾಡಿದರೆ ಚಕ್ರ ಇಳಿಯಬೇಕಾದಲ್ಲಿ ಇಳಿಯೋದಿಲ್ಲ, ಕಲ್ಲಿನ ದಾರಿಯಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಭಾರ ಇಳಿಸಿದ ಮೇಲೆ ಅದರ ಅಗತ್ಯವೂ ಬರಲಿಲ್ಲ.

ಟಯರಿನ ವಿಷಯವೂ ಇದೇ ಜಾತಿಯದ್ದು. ಗಾಡಿ ನಮಗೆ ಬಂದಾಗ 235/75 ಆರ್15 ಹಾಕಿತ್ತು. ಕಂಪನಿಯದ್ದು 205/70 ಆರ್15. ದೊಡ್ಡ ಟಯರಿನ ವ್ಯಾಸ 65 ಮಿ.ಮೀ. ಜಾಸ್ತಿ. ಆದರೆ ಆಕ್ಸಲ್ ನೆಲದಿಂದ ಏಳೋದು ಅದರ ಅರ್ಧ, ಒಂದೂಕಾಲು ಇಂಚು ಮಾತ್ರ. ಅದಕ್ಕೆ ಪ್ರತಿಯಾಗಿ ಎಲ್ಲ ಗೇರೂ ನೂರಕ್ಕೆ 10ರಷ್ಟು ಉದ್ದ ಆಗುತ್ತದೆ, ಚಕ್ರಕ್ಕೆ ತಲುಪುವ ಎಳೆತ ಅಷ್ಟು ಕಮ್ಮಿ. ಮೊದಲೇ 45 ಎಚ್‌ಪಿ! ಸ್ಪೀಡೋಮೀಟರ್ ಸುಳ್ಳು ಹೇಳೋದು, ಪೂರ್ತಿ ತಿರುಗಿಸಿದಾಗ ಟಯರು ಉಜ್ಜೋದು ಬೇರೆ. 215/75ಕ್ಕೆ ಇಳಿದೆವು. ಕಂಪನಿ ಅಳತೆಗಿಂತ 5 ಪರ್ಸೆಂಟ್ ಮಾತ್ರ ದೊಡ್ಡದು, ಎರಡೂ ದಾರಿಗೆ ಆಗುವ ಆಲ್-ಟೆರೇನ್ ಹಲ್ಲು.

ಉಪ್ಪುಗಾಳಿ ತಿಂದ ಚಾಸಿ

ಮೇ ತಿಂಗಳು ಪೂರ್ತಿ ಗಾಡಿ ಗ್ಯಾರೇಜಿನಲ್ಲಿತ್ತು. ಕೆಳಗಡೆ ಇಡೀ ಚಾಸಿಗೆ ದಪ್ಪ ಕಪ್ಪು ಬಣ್ಣ ಬಳಿದಿತ್ತು, ಹೊಸದರ ಹಾಗೆ ಕಾಣುತ್ತಿತ್ತು. ಕೊಳ್ಳುವಾಗ ನಾವು ಮೆಚ್ಚಿದ್ದೂ ಅದನ್ನೇ. ಮೇಸ್ತ್ರಿ ಮಾತ್ರ ಆ ಕಪ್ಪನ್ನು ಒಂದು ನಿಮಿಷ ನೋಡಿ, ಒಳಗಿಂದ ಸಣ್ಣ ಸುತ್ತಿಗೆ ತಂದ.

ಮುಂದಿನಿಂದ ಶುರು ಮಾಡಿದ. ಒಂದು ಗೇಣಿಗೊಂದು ಪೆಟ್ಟು. ಟಣ್, ಟಣ್, ಟಣ್. ಗೇರ್‌ಬಾಕ್ಸ್ ದಾಟುವವರೆಗೂ ಅದೇ ಸದ್ದು. ಹಿಂದಿನ ಎಡ ಚಕ್ರದ ಮೇಲೆ, ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಕೂರುವ ಕಡೆ ಬಂದಾಗ ಸದ್ದು ಬದಲಾಯಿತು. ಡಬ್. ಇನ್ನೊಂದು ಪೆಟ್ಟಿಗೆ ಕಪ್ಪು ಬಣ್ಣ ಹಾಳೆಯ ಹಾಗೆ ಉದುರಿತು. ಹಿಂದೆಯೇ ಕೆಂಪು ಪುಡಿ, ಚಿರೆಕಲ್ಲು ಕೊರೆದಾಗ ಬೀಳುತ್ತದಲ್ಲ, ಹಾಗೆ. ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಒತ್ತಿದ. ಒಳಗೆ ಹೋಯಿತು.

ಕರಾವಳಿಯ ಗಾಡಿಗೆ ಇದು ಸಹಜ. ಉಪ್ಪಿನ ಗಾಳಿ ಒಂದು ಕಡೆ. ಯಾರಾದರೂ ಬೀಚಿನ ಮೇಲೆ ನಾಲ್ಕು ಸಲ ಓಡಿಸಿ ತೊಳೆಯದೆ ಇಟ್ಟರಂತೂ ಮುಗಿಯಿತು. ಉಪ್ಪು ಮರಳು ಚಾಸಿಯ ಪೆಟ್ಟಿಗೆಯೊಳಗೆ ಸೇರಿ ಕೂರುತ್ತದೆ, ಗಾಳಿಯ ತೇವ ಹೀರುತ್ತಾ ಒಳಗಿಂದ ತಿನ್ನುತ್ತದೆ. ತುಕ್ಕಿನ ಮೇಲೆ ಗಟ್ಟಿ ಬಣ್ಣ ಬಳಿದರೆ ತುಕ್ಕು ನಿಲ್ಲೋದಿಲ್ಲ. ಬಣ್ಣ ಬಿರಿದಲ್ಲಿ ನೀರು ಒಳಗೆ ಸೇರಿ ಹೊರಬರದೆ ಕೂರುತ್ತದೆ, ನಮ್ಮ ಕಣ್ಣಿಗೂ ಕಾಣೋದಿಲ್ಲ. ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯಿಂದ ಹಳೇ ಗಾಡಿ ಕೊಳ್ಳುವವರು ದಯವಿಟ್ಟು ಒಂದು ಸುತ್ತಿಗೆ ತಗೊಂಡು ಹೋಗಿ. ಮಾಲೀಕರು ಬೇಡ ಅಂದರೆ ಆ ಗಾಡಿ ಬೇಡ.

ಬಾಡಿ ಎತ್ತಿದೆವು. ಶ್ಯಾಕಲ್ ಭಾಗ ಎರಡೂ ಕಡೆ ಕತ್ತರಿಸಿ, ಅದೇ ದಪ್ಪದ ತಗಡಿನಲ್ಲಿ ಹೊಸದಾಗಿ ಮಾಡಿ ವೆಲ್ಡ್ ಮಾಡಿಸಿದೆವು. ಬಾಡಿ ಮತ್ತು ಚಾಸಿ ನಡುವಿನ ರಬ್ಬರ್ ಎಲ್ಲ ಬದಲಾಯಿತು. ಚಾಸಿ ಉದ್ದಕ್ಕೂ ಹೋಗುವ ಬ್ರೇಕ್ ಪೈಪನ್ನು ಉಗುರಲ್ಲಿ ಕೆರೆದರೆ ಪುಡಿ ಬರುತ್ತಿತ್ತು, ಅದೂ ಹೊಸದು. ಕೊನೆಗೆ ಚಾಸಿ ಒಳಗೆ ಹೊರಗೆ ಮೇಣದಂಥ ಎಣ್ಣೆ ಹೊಡೆಸಿದೆವು. ಗಟ್ಟಿಯಾಗಿ ಬಿರಿಯೋದಿಲ್ಲ, ಗೀರಾದರೂ ಹರಿದು ಮುಚ್ಚಿಕೊಳ್ಳುತ್ತದೆ. ಮೀನುಗಾರರು ಮರದ ದೋಣಿಗೆ ವರ್ಷ ವರ್ಷ ಗೇರೆಣ್ಣೆ ಬಳಿಯುತ್ತಾರಲ್ಲ, ಆ ಶ್ರದ್ಧೆ ಗಾಡಿಗೂ ಬೇಕು.

ಅದೇ ಹೊತ್ತಿಗೆ ಮುಂದಿನ ಆಕ್ಸಲ್ ಬಿಚ್ಚಿದೆವು. ಐವತ್ತೈದು ಅರವತ್ತರ ವೇಗದಲ್ಲಿ ಹೊಂಡಕ್ಕೆ ಬಿದ್ದರೆ ಸ್ಟೀರಿಂಗ್ ಗಡಗಡ ನಡುಗಿ, ನಿಲ್ಲಿಸಿದ ಮೇಲೇ ಸುಮ್ಮನಾಗುತ್ತಿತ್ತು. ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಅಂತ ತುಂಬಾ ಜನ ಹೇಳಿದ್ದರು. ಡ್ಯಾಂಪರ್ ನಡುಕವನ್ನು ಅಡಗಿಸುತ್ತದೆ, ಕಾರಣವನ್ನಲ್ಲ. ಕಾರಣ ಇದ್ದದ್ದು ಚಕ್ರ ತಿರುಗುವ ನಕಲ್‌ನ ಮೇಲೆ ಕೆಳಗೆ ಕೂರುವ ಕಿಂಗ್‌ಪಿನ್ ಬೇರಿಂಗಿನಲ್ಲಿ. ಸೀಲ್ ಹರಿದು ನೀರು ಹೋಗಿ, ಬೇರಿಂಗಿನ ರೋಲರುಗಳು ತಮ್ಮ ಗುರುತನ್ನು ಬಟ್ಟಲಿನ ಮೇಲೆ ಗೆರೆ ಗೆರೆಯಾಗಿ ಒತ್ತಿದ್ದವು.

ಹೊಸ ಬೇರಿಂಗ್ ಹಾಕಿದರೆ ಮುಗಿಯಲಿಲ್ಲ. ತೆಳು ಶಿಮ್ ತಗಡುಗಳನ್ನು ಇಟ್ಟು ತೆಗೆದು ಬಿಗಿತ ಕೂರಿಸಬೇಕು. ಅದನ್ನು ಅಳೆಯೋಕೆ ಮೇಸ್ತ್ರಿ ಎದುರಿನ ಕಿರಾಣಿ ಅಂಗಡಿಯಿಂದ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತರಿಸಿದ. ಚಕ್ರ, ಸೀಲ್ ಯಾವುದೂ ಹಾಕದೆ, ನಕಲ್‌ನ ತೋಳಿನ ತುದಿಗೆ ಕೊಕ್ಕೆ ಸಿಕ್ಕಿಸಿ ನಿಧಾನ ಎಳೆದ. ತೋಳು ಕದಲುವ ಕ್ಷಣಕ್ಕೆ ಮುಳ್ಳು ಒಂದರಿಂದ ಎರಡು ಕೆ.ಜಿ. ನಡುವೆ ಇರಬೇಕು. ಮೊದಲ ಸಲ ಅರ್ಧ ಕೆ.ಜಿ.ಗೇ ತಿರುಗಿತು. ಒಂದು ಶಿಮ್ ತೆಗೆದರು. ಮೂರು ಕೆ.ಜಿ. ಬಂತು, ಜಾಸ್ತಿ. ಅದಕ್ಕಿಂತ ತೆಳುವಾದದ್ದು ಹಾಕಿದರು. ಒಂದೂವರೆ. ಎಡಗಡೆಯದ್ದಕ್ಕೂ ಅದೇ ಆಟ, ಒಂದಿಡೀ ಮಧ್ಯಾಹ್ನ. ಆ ದಿನದ ನಂತರ ಸ್ಟೀರಿಂಗ್ ಒಮ್ಮೆಯೂ ನಡುಗಿಲ್ಲ. ಇಡೀ ತಯಾರಿಯಲ್ಲಿ ದುಡ್ಡು ಕಮ್ಮಿ, ಉಪಯೋಗ ಜಾಸ್ತಿ ಆದ ಕೆಲಸ ಇದು.

ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್, ಹೋಸ್‌ಗಳು ಹೊಸದಾದವು. ರೇಡಿಯೇಟರ್ ಬಗ್ಗೆ ಮಾತ್ರ ಎರಡು ಮಾತು. ಅದರಲ್ಲಿದ್ದದ್ದು ಬಾವಿ ನೀರು. ಶಿರಸಿಯಲ್ಲಿ ಅದು ನಡೆಯುತ್ತದೆ, ತುಕ್ಕಿನ ಹೊರತು. ಸೆಪ್ಟೆಂಬರ್ ಕೊನೆಗೆ ಸ್ಪಿತಿಯ ಎತ್ತರದ ಜಾಗಗಳಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕನ್ನೇ ಸೀಳಬಹುದು. ಹಗಲಲ್ಲಿ ಇನ್ನೊಂದು ತೊಂದರೆ: 4,500 ಮೀಟರ್ ಎತ್ತರದಲ್ಲಿ ತೆರೆದ ನೀರು 85 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು ಹಾಕಿ, ರೇಡಿಯೇಟರ್ ಮುಚ್ಚಳ ಹೊಸದು ಹಾಕಿದೆವು. ಒಳಗಿನ ಒತ್ತಡ ಹಿಡಿದಿಡೋದು ಆ ಮುಚ್ಚಳವೇ, ಅದರ ರಬ್ಬರ್ ಸತ್ತಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಹಾಲು ಹಾಕಿದ ಚಹಾ

ಜುಲೈ ಮಳೆ ನಮಗೆ ಬೇಕಾಗಿತ್ತು. ಸ್ಪಿತಿಯ ನಾಲಾಕ್ಕೆ ಅಭ್ಯಾಸ ಮಾಡೋಕೆ ನಮ್ಮ ತೋಟದ ಕೆಳಗಿನ ಹಳ್ಳಕ್ಕಿಂತ ಒಳ್ಳೆ ಜಾಗ ಯಾವುದು? ನಮ್ಮದೇ ದಾರಿ, ಮೊಣಕಾಲು ಮಟ್ಟದ ನೀರು, ಕೆಳಗೆ ಉರುಟು ಕಲ್ಲು. ಪೇಟೆಯಿಂದ 20 ಕಿ.ಮೀ. ಓಡಿಸಿಕೊಂಡು ಬಂದು ನೇರ ಇಳಿಸಿ, ಅತ್ತಿತ್ತ ನಾಲ್ಕು ಸಲ ದಾಟಿದೆವು. ಗಾಡಿ ಒಮ್ಮೆಯೂ ತಡವರಿಸಲಿಲ್ಲ. ಮನೆಗೆ ಬಂದು ಚಹಾ ಕುಡಿದೆವು.

ಮಾರನೇ ದಿನ ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಎಣ್ಣೆ ಬಿಚ್ಚಿ ನೋಡೋಣ ಅಂದದ್ದು ಭಾವ. ಹಾಕಿ ಎರಡು ತಿಂಗಳಷ್ಟೇ ಆಗಿತ್ತು, ನನಗೆ ಬೇಡ ಅನ್ನಿಸಿತ್ತು. ಬೋಲ್ಟ್ ಸಡಿಲಿಸಿದಾಗ ಮೊದಲು ಬಿದ್ದದ್ದು ಎರಡು ಚಮಚದಷ್ಟು ನೀರು. ಹಿಂದೆ ಬಂದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣ, ಮೇಲೆ ನೊರೆ. ಆ ಸ್ಥಿತಿಯಲ್ಲಿ ಸಾವಿರಾರು ಕಿಲೋಮೀಟರ್ ಓಡಿದ್ದರೆ ಬೇರಿಂಗ್ ಉಳಿಯುತ್ತಿರಲಿಲ್ಲ.

ನೀರು ಹೋಗಿದ್ದು ಹೇಗೆ ಅಂದರೆ, ಓಡುವಾಗ ಆಕ್ಸಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲಿ ಅಂತ ಆಕ್ಸಲ್ ಮೇಲೆ ಒಂದು ಸಣ್ಣ ಬ್ರೀದರ್ ಇರುತ್ತದೆ. ಬಿಸಿ ಆಕ್ಸಲ್ ಒಮ್ಮೆಲೇ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಎಲ್ಲಿಂದ ಸಿಕ್ಕರೆ ಅಲ್ಲಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ನೀರೊಳಗಿದ್ದರೆ ನೀರನ್ನೇ. ನಮ್ಮದರ ಮುಚ್ಚಳ ಕೆಸರಲ್ಲಿ ಅರ್ಧ ಕಟ್ಟಿತ್ತು, ಸೀಲ್ ಹಳೆಯದು. ಎರಡೂ ಕಡೆಯಿಂದ ಎಳೆದಿತ್ತು.

ಪರಿಹಾರ ನಾಲ್ಕು ಮೀಟರ್ ಪೆಟ್ರೋಲ್ ಪೈಪ್. ಹಿಂದಿನ ಆಕ್ಸಲ್‌ನದ್ದು ಟೇಲ್ ಲ್ಯಾಂಪ್ ಹಿಂದಿನ ಪೊಳ್ಳಿಗೆ ಹತ್ತಿಸಿದೆವು. ಮುಂದಿನ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಮೂರನ್ನೂ ಎಂಜಿನ್ ಗೂಡಿನ ಹಿಂದಿನ ಗೋಡೆಗೆ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಪೈಪು ಜಗ್ಗದಷ್ಟು ಸಡಿಲ ಇರಬೇಕು. ಸೀಲ್ ಹೊಸದು, ಎಣ್ಣೆ ಹೊಸದು: ಆಕ್ಸಲ್‌ಗೆ ಜಿಎಲ್-5 ದರ್ಜೆಯದ್ದು, ಗೇರ್‌ಬಾಕ್ಸ್‌ಗೆ ಜಿಎಲ್-4. ಎರಡಕ್ಕೂ ಒಂದೇ ಡಬ್ಬಿ ಸುರಿಯಬೇಡಿ, ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಜಿಎಲ್-5 ಒಳ್ಳೆಯದಲ್ಲ. ಮತ್ತೆ ಅದೇ ಹಳ್ಳ, ಆದರೆ ಈಗ ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಆಕ್ಸಲ್ ಮುಟ್ಟಿ ನೋಡಿ, ಆರಿದ ಮೇಲೆ ಇಳಿಸಿದೆವು. ಮಾರನೇ ದಿನ ಎಣ್ಣೆ ಸ್ವಚ್ಛ ಇತ್ತು. ಎಂಜಿನ್ನಿಗೆ ಮೇಲಿಂದ ಗಾಳಿ ತರುವ ಸ್ನಾರ್ಕೆಲ್ ಕೊಳವೆ ಹಾಕಿಸಲಿಲ್ಲ. ನೀರು ಬಂಪರ್ ದಾಟಿದರೆ ಇಳಿಯೋದೇ ಇಲ್ಲ ಅಂತ ನಿಯಮ ಮಾಡಿಕೊಂಡೆವು.

ಬಿಡಿಭಾಗಗಳಲ್ಲಿ ದಾರಿಯಲ್ಲಿ ಕೈಯಾರೆ ಹಾಕೋಕೆ ಬರುವಂಥದ್ದನ್ನೇ ಇಟ್ಟುಕೊಂಡೆವು. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಫ್ಯಾನ್ ಬೆಲ್ಟ್, ಪೆಟ್ರೋಲ್ ಪಂಪ್, ರಿಲೇ, ಫ್ಯೂಸ್, ಪ್ರೊಪೆಲ್ಲರ್ ಶಾಫ್ಟಿನ ಒಂದು ಕ್ರಾಸ್, ಬ್ರೇಕ್ ಎಣ್ಣೆ, ತಂತಿ, ಎಂ-ಸೀಲ್. ಒಂದೊಂದನ್ನೂ ಮನೆಯಂಗಳದಲ್ಲಿ ಒಮ್ಮೆ ಬಿಚ್ಚಿ ಹಾಕಿ ಅಭ್ಯಾಸ ಮಾಡಿದೆವು. ಕ್ಲಚ್ ಕೇಬಲ್ ಮೊದಲ ಸಲ ಒಂದೂವರೆ ಗಂಟೆ ತಗೊಂಡಿತು, ಮೂರನೇ ಸಲ ಇಪ್ಪತ್ತೈದು ನಿಮಿಷ.

ದಾರಿಯಲ್ಲಿ ಆದದ್ದು

ಹೋಗಿ ಬಂದದ್ದು 5,700 ಕಿ.ಮೀ. ಚಿಲ್ಲರೆ. ಪ್ರವಾಸದ ಕತೆ ಇಲ್ಲಿ ಬೇಡ, ತಯಾರಿಗೆ ಸಂಬಂಧಪಟ್ಟ ಮೂರು ಮಾತು ಹೇಳುತ್ತೇನೆ.

ಛತ್ರು ದಾಟಿದ ಮೇಲೆ ಒಂದು ನಾಲಾ ಮಧ್ಯಾಹ್ನ ಮೂರೂವರೆಗೆ ಬಂಪರಿಗಿಂತ ಮೇಲೆ ಹರಿಯುತ್ತಿತ್ತು. ಹಿಮ ಕರಗೋದು ಬಿಸಿಲಿಗೆ. ಮಧ್ಯಾಹ್ನದ ಮೇಲೆ ನೀರು ಏರುತ್ತದೆ, ಬೆಳಿಗ್ಗೆ ಇಳಿಯುತ್ತದೆ. ನಿಯಮದ ಪ್ರಕಾರ ವಾಪಸ್ ಹೋಗಿ ಉಳಿದೆವು. ಬೆಳಿಗ್ಗೆ ಆರೂವರೆಗೆ ಮೊಣಕಾಲಿಗೂ ಕೆಳಗಿತ್ತು. ಮುಂದಿನ ಚಕ್ರಕ್ಕೂ ಶಕ್ತಿ ಹೋಗುವ ಹಾಗೆ ಹಬ್ ಲಾಕ್ ಮಾಡಿ, ಟಯರು 26ರಿಂದ 18 ಪಿಎಸ್‌ಐಗೆ ಇಳಿಸಿ, ಲೋ ಎರಡನೇ ಗೇರಿನಲ್ಲಿ ದಾಟಿದೆವು.

ಬಾತಲ್‌ಗೆ ಸ್ವಲ್ಪ ಮೊದಲು ಹಿಂದಿನ ಬಲ ಟಯರಿನ ಪಕ್ಕದ ಗೋಡೆ ಒಂದು ಚೂಪುಗಲ್ಲಿಗೆ ಸೀಳಿತು. ಎರಡು ಇಂಚು. ಇದ್ದ ಒಂದೇ ಸ್ಟೆಪ್ನಿ ಹಾಕಿದೆವು. ಕಾಜಾದಲ್ಲಿ ಪಂಕ್ಚರ್ ಅಂಗಡಿಯವನು ಸೀಳಿಗೆ ಒಳಗಿಂದ ಗೇಟರ್ (ದಪ್ಪ ತೇಪೆ) ಹಾಕಿ, ನಾವು ಒಯ್ದಿದ್ದ ಟ್ಯೂಬ್ ತುರುಕಿ ಕೊಟ್ಟ. ಅಲ್ಲಿಗೆ ತಲುಪುವವರೆಗಿನ ದಾರಿಯಲ್ಲಿ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಎರಡನೇ ಸ್ಟೆಪ್ನಿ ಪೂರ್ತಿ ಬಿಟ್ಟದ್ದು ನಮ್ಮ ತಪ್ಪು ಅಂತಲೇ ನನ್ನ ಅಭಿಪ್ರಾಯ. ಡಿಸ್ಕ್ ಇಲ್ಲದ ಬರೀ ಟಯರು ಇಟ್ಟುಕೊಂಡಿದ್ದರೆ ಹತ್ತು ಹನ್ನೆರಡು ಕೆ.ಜಿ. ಆಗುತ್ತಿತ್ತು, ಅದಕ್ಕೆ ಜಾಗ ಇತ್ತು.

ಹಿಂದಿನ ಬಾಗಿಲ ರಬ್ಬರ್ ಬದಲಾಯಿಸೋದನ್ನು ಮರೆತಿದ್ದೆವು. ಸ್ಪಿತಿಯ ಧೂಳು ಮೈದಾ ಹಿಟ್ಟಿನಷ್ಟು ನಯ. ಬಟ್ಟೆ, ಅಕ್ಕಿ, ಮೂಗು ಎಲ್ಲದರಲ್ಲೂ ಅದೇ. ನಾಲ್ಕು ದಿನ ಭಾವನಿಗೆ ಕೆಮ್ಮು. ಆ ಎತ್ತರದಲ್ಲಿ ಕೆಮ್ಮು ಸಣ್ಣ ವಿಷಯ ಅಲ್ಲ.

ಕುಂಜುಂ ಹತ್ತುವಾಗ ಗಾಡಿ ಎರಡನೇ ಗೇರಿನಿಂದ ಮೇಲೆ ಹೋಗಲಿಲ್ಲ, ಆದರೆ ಎಲ್ಲೂ ನಿಲ್ಲಲೂ ಇಲ್ಲ. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಏರಲಿಲ್ಲ. ಪಾಟಾ, ಶ್ಯಾಕಲ್, ನಕಲ್ ಒಂದೂ ಸದ್ದು ಮಾಡಲಿಲ್ಲ.

ಮನೆಗೆ ಬಂದದ್ದು ಅಕ್ಟೋಬರ್ ಮೊದಲ ವಾರ. ಎರಡು ದಿನ ಬಿಟ್ಟು ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಮೊದಲು ಅದೇ ಸುತ್ತಿಗೆ ಹಿಡಿದು ಚಾಸಿ ಉದ್ದಕ್ಕೂ ಬಡಿದ. ಹಿಂದಿನವರೆಗೂ ಟಣ್. ಆಮೇಲೆ ಕೆಳಗೆ ಬೋಗುಣಿ ಇಟ್ಟು ಹಿಂದಿನ ಡಿಫರೆನ್ಷಿಯಲ್ ಬೋಲ್ಟ್ ಬಿಚ್ಚಿದ. ಎಣ್ಣೆ ದಪ್ಪ ಎಳೆಯಾಗಿ ಇಳಿಯಿತು. ಭಾವ ಬೆರಳು ಅದ್ದಿ ಬೆಳಕಿಗೆ ಹಿಡಿದ. ಜೋನಿ ಬೆಲ್ಲದ ಬಣ್ಣ, ಒಂದು ಹನಿ ನೀರಿಲ್ಲ.